ಗುಂಪಿನೊಡನೆ ನಡಿಗೆಯ ಪ್ರವಾಸ: ಮೊದಲ ಸಲ ಹೊರಡುವ ರೈತ ಕುಟುಂಬಗಳಿಗೆ



"ಮುಂಜಾನಿಂದ ಸಂಜೀತನಕ ಹೊಲದಾಗ ನಡದು ನಡದು ಸಾಕಾಗೇತಿ. ಮತ್ತ ರೊಕ್ಕಾ ಕೊಟ್ಟು ನಡ್ಯಾಕ ಹೋಗೂದು ಯಾಕ?" ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಹಳ್ಳಿಗಳಲ್ಲಿ ನಡಿಗೆಯ ಪ್ರವಾಸದ ಮಾತು ಬಂದಾಗ ಹಿರಿಯರು ಕೇಳುವ ಪ್ರಶ್ನೆ ಇದು. ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿಗಿರುವ ಮಕ್ಕಳು ರಜೆಯಲ್ಲಿ ಗುಂಪು ಕಟ್ಟಿಕೊಂಡು ಸಹ್ಯಾದ್ರಿಯ ಗುಡ್ಡಗಳನ್ನು ಹತ್ತಿ ಬರುತ್ತಾರೆ. ಮುಂದಿನ ಸಲ ಅಪ್ಪ ಅವ್ವನನ್ನೂ ಕರೆಯುತ್ತಾರೆ. ಹೋಗಬೇಕೋ ಬೇಡವೋ, ಹೋದರೆ ದೇಹ ತಾಳುತ್ತದೆಯೋ ಇಲ್ಲವೋ, ಮನೆಯಲ್ಲಿ ದನಕರು ನೋಡುವವರು ಯಾರು ಎಂಬ ಚಿಂತೆ ಹಿಂದೆಯೇ ಬರುತ್ತದೆ.

ಹಿರಿಯರ ಪ್ರಶ್ನೆ ತಪ್ಪಲ್ಲ. ಅದಕ್ಕೆ ನೇರವಾದ ಉತ್ತರ ಕೊಡಬೇಕು. ಈ ತಿಂಗಳ ಕೃಷಿ ಮತ್ತು ಆರೋಗ್ಯದ ಅಂಕಣದಲ್ಲಿ ನಾವು ಅದನ್ನೇ ವಿಚಾರ ಮಾಡೋಣ.

ಇದು ಎಂಥ ಪ್ರವಾಸ?

ಬಸ್ಸಿನಲ್ಲಿ ಕುಳಿತು ನಾಲ್ಕು ಊರು ನೋಡಿ ಬರುವ ಪ್ರವಾಸ ನಮಗೆಲ್ಲ ಗೊತ್ತು. ಇಲ್ಲಿ ಹೇಳುತ್ತಿರುವುದು ಬೇರೆ ಬಗೆಯದು. ಹತ್ತರಿಂದ ಇಪ್ಪತ್ತು, ಮೂವತ್ತು ಜನರ ತಂಡ. ದಾರಿ ಬಲ್ಲ ಒಬ್ಬ ಮಾರ್ಗದರ್ಶಿ. ಒಂದು ದಿನದಿಂದ ಒಂದು ವಾರದವರೆಗೆ ಕಾಲ್ನಡಿಗೆ. ಊಟ, ವಸತಿ, ಔಷಧದ ಪೆಟ್ಟಿಗೆ, ದಾರಿಯ ಅನುಮತಿ ಇವೆಲ್ಲ ಸಂಘಟಕರ ಹೊಣೆ. ಹೋದವರು ಮಾಡಬೇಕಾದದ್ದು ಹೇಳಿದ ಹೊತ್ತಿಗೆ ಏಳುವುದು, ತಂಡದ ಜೊತೆ ನಡೆಯುವುದು, ಹೇಳಿದಲ್ಲಿ ನಿಲ್ಲುವುದು.

ಹೊಲದ ದುಡಿಮೆಯಲ್ಲಿ ಸಿಗದ ಒಂದು ಸಂಗತಿ ಇಲ್ಲಿದೆ. ಹೊಲದಲ್ಲಿ ನಡೆಯುವಾಗ ನಮ್ಮ ಕಣ್ಣು ಕಳೆಯ ಮೇಲೆ, ಹುಳದ ಮೇಲೆ, ಮೋಡದ ಮೇಲೆ ಇರುತ್ತದೆ. ಕಾಲು ನಡೆದರೂ ಮನಸ್ಸು ಸಾಲ, ಬೆಲೆ, ನೀರಿನ ಪಾಳಿ ಎಂದು ಸುತ್ತುತ್ತಿರುತ್ತದೆ. ಬೇರೆಯವರು ದಾರಿ ತೋರಿಸಿ, ಬೇರೆಯವರು ಅಡಿಗೆ ಮಾಡಿ, ನಾವು ಸುಮ್ಮನೆ ನಡೆಯುವ ದಿನ ರೈತನಿಗೆ ವರ್ಷದಲ್ಲಿ ಎಷ್ಟು ಬರುತ್ತದೆ? ರೈತನ ಹೆಂಡತಿಗೆ ಎಷ್ಟು ಬರುತ್ತದೆ? ಎಳ್ಳು ಅಮವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೋಗುವ ದಿನ ಮನೆಮಂದಿಯ ಮುಖದಲ್ಲಿ ಕಾಣುವ ಗೆಲುವನ್ನು ನೆನೆಯಿರಿ. ಅಂದು ಸಹ ನಸುಕಿನಲ್ಲೆದ್ದು ಭಜ್ಜಿ, ಕಡುಬು, ರೊಟ್ಟಿ ಮಾಡಿದವಳು ಅವಳೇ. ಅವಳಿಗೂ ಒಮ್ಮೆ ಬಡಿಸಿದ ತಾಟು ಸಿಗಬೇಕು.

ನಮ್ಮ ಜಿಲ್ಲೆಯ ಹಳೆಯ ಪಾಠ

ಗುಂಪಾಗಿ ಶಿಸ್ತಿನಿಂದ ನಡೆಯುವುದು ಸೊಲ್ಲಾಪುರ ಜಿಲ್ಲೆಗೆ ಹೊಸದಲ್ಲ. ಆಷಾಢದ ವಾರಿಯಲ್ಲಿ ಆಳಂದಿಯಿಂದ ಪಂಢರಪುರಕ್ಕೆ ಸುಮಾರು 250 ಕಿಲೋಮೀಟರ್ ದಾರಿಯನ್ನು ಲಕ್ಷಾಂತರ ಜನ ನಡೆದೇ ಬರುತ್ತಾರೆ. ಅವರಲ್ಲಿ ಬಹುಪಾಲು ಜನ ಒಕ್ಕಲಿಗರು, ಮುಂಗಾರಿ ಬಿತ್ತಿ ಹೊರಟವರು. ಕೋಜಾಗಿರಿ ಹುಣ್ಣಿಮೆಗೆ ಸೊಲ್ಲಾಪುರದಿಂದಲೂ ಕರ್ನಾಟಕದ ಗಡಿ ಜಿಲ್ಲೆಗಳಿಂದಲೂ ತುಳಜಾಪುರಕ್ಕೆ ನಡೆದು ಹೋಗುವವರ ಸಾಲು ನಾವೆಲ್ಲ ಕಂಡದ್ದೇ.

ಈ ವಾರಿಯನ್ನು ವಿದ್ವಾಂಸರೂ ನಡೆದು ಅರಿತಿದ್ದಾರೆ. ಫ್ರಾನ್ಸ್ ದೇಶದ ಯೇಸುಸಭೆಯ ಗುರು ಗಿ ದೆಲೂರಿ ಅವರು ಪಂಢರಪುರದ ವಾರಿಯನ್ನು ಕುರಿತು ಬರೆದ ಗ್ರಂಥವನ್ನು ಪುಣೆಯ ಡೆಕ್ಕನ್ ಕಾಲೇಜು 1960ರಲ್ಲಿ ಪ್ರಕಟಿಸಿತು. ಸಮಾಜಶಾಸ್ತ್ರಜ್ಞೆ ಇರಾವತಿ ಕರ್ವೆ ಅವರೂ ದಿಂಡಿಯ ಜೊತೆ ನಡೆದು ಬರೆದರು. ದಾರಿಯಲ್ಲಿ ಕೂಡಿ ಹಾಡುವ ಜನ ಊಟದ ಹೊತ್ತಿಗೆ ಜಾತಿಯ ಪ್ರಕಾರ ಬೇರೆ ಬೇರೆ ಕೂಡುವುದನ್ನು ಕಂಡು ಅವರಿಗೆ ನೋವಾಯಿತು. ಈ ಮಾತು ಇಂದಿನ ತಂಡಗಳಿಗೂ ಅನ್ವಯಿಸುತ್ತದೆ. ಒಂದೇ ದಾರಿ ನಡೆದವರಿಗೆ ಒಂದೇ ಪಂಕ್ತಿ ಇರಬೇಕು.

ದಿಂಡಿಯ ವ್ಯವಸ್ಥೆಯನ್ನು ಗಮನಿಸಿ ನೋಡಿದರೆ ಒಳ್ಳೆಯ ನಡಿಗೆ ಪ್ರವಾಸದ ಸೂತ್ರಗಳೆಲ್ಲ ಅಲ್ಲಿಯೇ ಸಿಗುತ್ತವೆ.

ಒಂದು, ಪ್ರತಿ ದಿಂಡಿಗೂ ಕ್ರಮಸಂಖ್ಯೆ ಇದೆ, ಜಾಗ ಗೊತ್ತಿದೆ. ಪತಾಕೆಯವರು ಮುಂದೆ, ತಾಳದವರು ಅವರ ಹಿಂದೆ, ಹೀಗೆ ಸಾಲು ತಪ್ಪುವುದಿಲ್ಲ. ಯಾರು ಎಲ್ಲಿದ್ದಾರೆ ಎಂಬುದು ತಿಳಿದಿರುತ್ತದೆ.

ಎರಡು, ಬೆಳಿಗ್ಗೆ ಮೂರು ಸಲ ಕಹಳೆ ಊದುತ್ತಾರೆ. ಮೊದಲನೆಯದಕ್ಕೆ ಸಿದ್ಧರಾಗುವುದು, ಎರಡನೆಯದಕ್ಕೆ ಸಾಲು ನಿಲ್ಲುವುದು, ಮೂರನೆಯದಕ್ಕೆ ಹೊರಡುವುದು. ಗಡಿಬಿಡಿಗೆ ಎಡೆಯಿಲ್ಲ.

ಮೂರು, ದಿನಕ್ಕೆ ನಡೆಯುವುದು ಬಹುತೇಕ ಹನ್ನೆರಡರಿಂದ ಇಪ್ಪತ್ತು ಕಿಲೋಮೀಟರ್. ಪುಣೆಯಿಂದ ಸಾಸವಡದವರೆಗಿನ ದಿವೆ ಘಾಟಿನ ದಿನ ಉದ್ದವಾದದ್ದು. ಅದಕ್ಕೆ ಮೊದಲು ಪುಣೆಯಲ್ಲಿ ಎರಡು ರಾತ್ರಿ ಬಿಡಾರ ಇರುತ್ತದೆ.

ನಾಲ್ಕು, ಸಂಜೆಯ ಸಮಾಜ ಆರತಿಗೆ ಎಲ್ಲರೂ ಕೂಡಿದಾಗ ಚೋಪದಾರನು ಕೋಲು ಎತ್ತಿದರೆ ಸಾವಿರಾರು ಜನ ಸುಮ್ಮನಾಗುತ್ತಾರೆ. ಕಳೆದ ವಸ್ತು, ಸಿಕ್ಕ ವಸ್ತು, ದೂರು, ಮರುದಿನ ಹೊರಡುವ ಹೊತ್ತು ಎಲ್ಲವನ್ನೂ ಆಗ ಸಾರುತ್ತಾರೆ.

ಐದು, ಹೊರೆ ಹೊತ್ತು ನಡೆಯುವ ಕಷ್ಟವಿಲ್ಲ. ದಿಂಡಿಯ ಸಾಮಾನು, ಡೇರೆ, ಧಾನ್ಯ ಟ್ರಕ್ಕಿನಲ್ಲಿ ಬರುತ್ತವೆ.

ಜಾಗ, ಹೊತ್ತು, ಮಿತಿ, ವಿಚಾರಣೆ, ಹಗುರ ಹೊರೆ: ಈ ಐದು ಇದ್ದ ತಂಡದಲ್ಲಿ ಮೊದಲ ಸಲದವರೂ ಸುಖವಾಗಿ ನಡೆದು ಬರಬಲ್ಲರು. ಇವುಗಳಲ್ಲಿ ಒಂದು ತಪ್ಪಿದರೂ ಎಂಥ ಗಟ್ಟಿಮುಟ್ಟಾದ ಆಳಿಗೂ ತೊಂದರೆ ಆಗಬಹುದು.

ಹೊಲದ ಮೈ, ದಾರಿಯ ಮೈ

"ನಾವು ರೈತರು, ನಮಗೇನು ಆಗುತ್ತದೆ?" ಎಂಬ ಧೈರ್ಯ ಒಳ್ಳೆಯದೇ. ಆದರೆ ದೇಹ ಯಾವ ಕೆಲಸಕ್ಕೆ ಪಳಗಿದೆಯೋ ಅದನ್ನೇ ಚೆನ್ನಾಗಿ ಮಾಡುತ್ತದೆ. ಕಳೆ ತೆಗೆಯುವುದು, ಕಣಿಕೆ ಕಟ್ಟುವುದು, ಮೂಟೆ ಎತ್ತುವುದು ಇವುಗಳಲ್ಲಿ ಬೆನ್ನಿಗೂ ತೋಳಿಗೂ ಕೆಲಸ. ಬಗ್ಗುತ್ತೇವೆ, ನಿಲ್ಲುತ್ತೇವೆ, ಕೂಡುತ್ತೇವೆ. ಒಂದೇ ಸಮನೆ ನಾಲ್ಕು ತಾಸು ನಡೆಯುವುದು ಬೇರೆ. ಅದರಲ್ಲೂ ಗುಡ್ಡ ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಪ್ರತಿ ಹೆಜ್ಜೆಗೂ ಮೈಭಾರವನ್ನು ತಡೆದು ಹಿಡಿಯಬೇಕು. ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಮೊಣಕಾಲು ಸೋಲುತ್ತದೆ. ಸಮತಟ್ಟಾದ ಎರಿ ಭೂಮಿಯಲ್ಲಿ ಹುಟ್ಟಿ ಬೆಳೆದ ನಮಗೆ ಇಳಿಜಾರಿನ ಅಭ್ಯಾಸವೇ ಇಲ್ಲ.

ಇನ್ನೊಂದು ಬದಲಾವಣೆಯೂ ಆಗಿದೆ. ಹಿಂದೆ ಹೊಲಕ್ಕೆ ನಡೆದು ಹೋಗುತ್ತಿದ್ದೆವು. ಈಗ ಮೋಟಾರು ಸೈಕಲ್ಲು ಬದುವಿನ ತನಕ ಹೋಗುತ್ತದೆ. ನೇಗಿಲಿನ ಹಿಂದೆ ನಡೆಯುತ್ತಿದ್ದ ಜಾಗದಲ್ಲಿ ಟ್ರ್ಯಾಕ್ಟರಿನ ಸೀಟು ಬಂದಿದೆ. ಐವತ್ತು ದಾಟಿದ ಅನೇಕ ರೈತರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಕಾಣುತ್ತಿರುವುದಕ್ಕೆ ಇದೂ ಒಂದು ಕಾರಣ. ಆದುದರಿಂದ ನಡಿಗೆಯ ಪ್ರವಾಸಕ್ಕೆ ಸಿದ್ಧರಾಗುವ ಆರು ವಾರಗಳಿಂದ ಸಿಗುವ ಲಾಭ ಪ್ರವಾಸದಿಂದ ಸಿಗುವ ಲಾಭಕ್ಕಿಂತಲೂ ದೊಡ್ಡದು ಎಂದು ನಾವು ಹೇಳುತ್ತೇವೆ.

ಮೊದಲು ಡಾಕ್ಟರರ ಮಾತು ಕೇಳಬೇಕಾದವರು

ನಡೆಯುವಾಗ ಎದೆಯಲ್ಲಿ ಹಿಡಿದಂತೆ ಆಗುವವರು, ನಾಲ್ಕು ಮೆಟ್ಟಿಲಿಗೆ ಏದುಸಿರು ಬರುವವರು, ಹೃದಯದ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು, ದಮ್ಮು ಇದ್ದವರು, ಮೂರ್ಛೆ ರೋಗ ಇದ್ದವರು, ಗರ್ಭಿಣಿಯರು ಡಾಕ್ಟರರನ್ನು ಕೇಳದೆ ಹೆಸರು ಕೊಡಬಾರದು.

ಸಕ್ಕರೆ ಕಾಯಿಲೆಯವರು ಹೋಗಬಾರದೆಂದಿಲ್ಲ, ನಡಿಗೆ ಅವರಿಗೆ ಹಿತಕರ. ಆದರೆ ಮೂರು ಎಚ್ಚರ ಬೇಕು. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡ ಮೇಲೆ ಊಟ ತಪ್ಪಿಸಬಾರದು. ನಡೆಯುವಾಗ ಸಕ್ಕರೆ ಕೆಳಗಿಳಿದರೆ ಬೆವರು, ನಡುಕ, ಗಾಬರಿ, ಮಂಕು ಬರುತ್ತದೆ, ಆಗ ಕೂಡಲೇ ಬೆಲ್ಲ, ಸಕ್ಕರೆ ಅಥವಾ ಗ್ಲೂಕೋಸ್ ಬಾಯಿಗೆ ಹಾಕಬೇಕು. ಇನ್ಸುಲಿನ್ನನ್ನು ಬಿಸಿಲಿನಲ್ಲಿ ಇಡಬಾರದು. ಬಹಳ ವರ್ಷದ ಕಾಯಿಲೆಯವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ. ಕಲ್ಲು ಚುಚ್ಚಿದ್ದು, ಬೊಬ್ಬೆ ಎದ್ದದ್ದು ಗೊತ್ತೇ ಆಗುವುದಿಲ್ಲ. ಅಂಥವರು ಬರಿಗಾಲಿನಲ್ಲಿ ನಡೆಯಬಾರದು, ಪ್ರತಿ ಸಂಜೆ ಎರಡೂ ಪಾದಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು. ಸಣ್ಣ ಗಾಯ ಹುಣ್ಣಾಗಿ ಬೆರಳು ಕಳೆದುಕೊಳ್ಳುವ ತನಕ ಹೋಗುವುದು ಹೀಗೆಯೇ.

ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚಿಸಿ ಮೈಯಿಂದ ನೀರು ಹೊರಗೆ ಹಾಕುತ್ತವೆ. ಬಿಸಿಲಿನ ನಡಿಗೆಯಲ್ಲಿ ಅವುಗಳನ್ನು ಹೇಗೆ ತೆಗೆದುಕೊಳ್ಳಬೇಕೆಂದು ಮೊದಲೇ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಕಾಯಿಲೆಯನ್ನು ಸಂಘಟಕರಿಂದ ಮುಚ್ಚಿಡುವುದು ದೊಡ್ಡ ಅಪಾಯ. "ಹೇಳಿದರೆ ಕರೆದುಕೊಂಡು ಹೋಗುವುದಿಲ್ಲ" ಎಂದು ಮುಚ್ಚಿಟ್ಟವನಿಗೆ ಗುಡ್ಡದ ಮೇಲೆ ತೊಂದರೆಯಾದರೆ ಇಡೀ ತಂಡ ಅವನಿಗಾಗಿ ಕಷ್ಟಪಡಬೇಕಾಗುತ್ತದೆ.

ಆರು ವಾರದ ಸಿದ್ಧತೆ

ಮೊದಲ ಎರಡು ವಾರ: ದಿನಕ್ಕೆ ಅರ್ಧ ತಾಸು, ವಾರಕ್ಕೆ ಐದು ದಿನ ಬಿರುಸಾಗಿ ನಡೆಯಿರಿ. ಮೋಟಾರು ಸೈಕಲ್ಲನ್ನು ಮನೆಯಲ್ಲಿ ಬಿಟ್ಟು ಹೊಲಕ್ಕೆ ನಡೆದು ಹೋದರೆ ಇದಕ್ಕೆಂದು ಬೇರೆ ಹೊತ್ತು ಬೇಕಾಗಿಲ್ಲ. ನಡೆಯುತ್ತ ಮಾತಾಡಲು ಆಗಬೇಕು. ಮಾತು ತುಂಡಾಗುತ್ತಿದ್ದರೆ ವೇಗ ಹೆಚ್ಚಾಯಿತು ಎಂದರ್ಥ.

ಮೂರನೆಯ, ನಾಲ್ಕನೆಯ ವಾರ: ಮುಕ್ಕಾಲು ತಾಸಿಗೆ ಏರಿಸಿ. ವಾರದಲ್ಲಿ ಒಂದು ದಿನ ಎರಡು ತಾಸು ನಡೆಯಿರಿ. ಕೆರೆಯ ಏರಿ, ಮಾಳಿಗೆಯ ಮೆಟ್ಟಿಲು ಎಲ್ಲಿ ಸಿಕ್ಕರೂ ಹತ್ತಿ ಇಳಿಯಿರಿ. ಇಳಿಯುವುದನ್ನು ನಿಧಾನವಾಗಿ ಮಾಡಿ. ಮೊಣಕಾಲಿಗೆ ಅದೇ ತಾಲೀಮು.

ಐದನೆಯ ವಾರ: ಒಂದು ದಿನ ಮೂರರಿಂದ ನಾಲ್ಕು ತಾಸು, ಪ್ರವಾಸಕ್ಕೆ ಹಾಕಿಕೊಳ್ಳುವ ಅದೇ ಬೂಟು, ಬೆನ್ನಿಗೆ ಅದೇ ಚೀಲ. ಚೀಲದ ತೂಕ ನಿಮ್ಮ ತೂಕದ ಹತ್ತನೆಯ ಒಂದು ಪಾಲನ್ನು ಮೀರದಿರಲಿ.

ಆರನೆಯ ವಾರ: ಕಡಿಮೆ ಮಾಡಿ, ಮೈಗೆ ಬಿಡುವು ಕೊಡಿ. ಬಿತ್ತುವ ಮೊದಲು ಹೊಲವನ್ನು ಬಿಡುವುದಿಲ್ಲವೇ, ಹಾಗೆ.

ನಾಲ್ಕನೆಯ ವಾರದಲ್ಲಿಯೂ ಎರಡು ತಾಸಿನ ನಡಿಗೆ ಕಷ್ಟವಾದರೆ ಈ ಸಲದ ಪ್ರವಾಸವನ್ನು ಮುಂದಕ್ಕೆ ಹಾಕಿ. ಅದರಲ್ಲಿ ಅವಮಾನವಿಲ್ಲ.

ಪಾದದ ಆರೈಕೆ

ಹೊಸ ಬೂಟು ಹಾಕಿ ಪ್ರವಾಸಕ್ಕೆ ಹೊರಡಬೇಡಿ. ಕನಿಷ್ಠ ಒಂದು ತಿಂಗಳು ಹಾಕಿ ಪಳಗಿಸಿದ್ದೇ ಇರಲಿ. ಸಂಜೆ ಪಾದ ಸ್ವಲ್ಪ ಊದಿರುತ್ತದೆ, ಆದ್ದರಿಂದ ಬೂಟನ್ನು ಸಂಜೆಯೇ ಕೊಳ್ಳಿರಿ. ಉದ್ದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಇಲ್ಲದಿದ್ದರೆ ಇಳಿಯುವಾಗ ಉಗುರು ಒತ್ತಿ ಕಪ್ಪಾಗುತ್ತದೆ. ಉಗುರನ್ನು ನೇರವಾಗಿ ಕತ್ತರಿಸಿ. ಹತ್ತಿಯ ಕಾಲುಚೀಲ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಉಣ್ಣೆ ಅಥವಾ ನೈಲಾನ್ ಬೆರೆತದ್ದು ಮೇಲು. ಎರಡು ಜೊತೆ ಇರಲಿ, ನಡುವೆ ಬದಲಿಸಿ.

ಬೊಬ್ಬೆ ಒಮ್ಮೆಲೇ ಏಳುವುದಿಲ್ಲ. ಮೊದಲು ಅಲ್ಲಿ ಬಿಸಿಯಾಗಿ ಉರಿಯುತ್ತದೆ. ಆಗಲೇ ನಿಂತು ಬೂಟು ಬಿಚ್ಚಿ, ಆ ಜಾಗಕ್ಕೆ ಅಂಟುಪಟ್ಟಿ ಹಾಕಿದರೆ ಬೊಬ್ಬೆ ತಪ್ಪುತ್ತದೆ. "ಎಲ್ಲರೂ ನಡೆಯುತ್ತಿದ್ದಾರೆ, ನಾನೊಬ್ಬ ಹೇಗೆ ನಿಲ್ಲಲಿ" ಎಂದು ಸಂಕೋಚ ಪಟ್ಟವರೇ ಮರುದಿನ ಕುಂಟುತ್ತಾರೆ. ಎದ್ದ ಬೊಬ್ಬೆಯ ಚರ್ಮವನ್ನು ಕೀಳಬೇಡಿ. ಅದೇ ಒಳಗಿನ ಹಸಿ ಗಾಯಕ್ಕೆ ಮುಚ್ಚಳ. ಹೊರಡುವ ಮೊದಲು ಧನುರ್ವಾಯುವಿನ ಚುಚ್ಚುಮದ್ದು ಸರಿಯಾಗಿ ಆಗಿದೆಯೇ ಎಂದು ನೋಡಿಕೊಳ್ಳಿ.

ನೀರು, ಉಪ್ಪು, ಬುತ್ತಿ

ಬಾಯಾರಿದ ಮೇಲೆ ಗಟಗಟ ಕುಡಿಯುವುದಕ್ಕಿಂತ ಆಗಾಗ ಸ್ವಲ್ಪ ಸ್ವಲ್ಪ ಕುಡಿಯುವುದು ಒಳ್ಳೆಯದು. ಮೂತ್ರ ತಿಳಿ ಹಳದಿ ಇದ್ದರೆ ಸಾಕಷ್ಟು ನೀರು ಕುಡಿದಿದ್ದೀರಿ. ಗಾಢ ಬಣ್ಣಕ್ಕೆ ಬಂದರೆ ಸಾಲದು. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಉಪ್ಪು ತೆಳುವಾಗಿ ತಲೆನೋವು, ವಾಕರಿಕೆ ಬರಬಹುದು. ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ ಕಲಸಿದರೆ ಜೀವಜಲ ಸಿದ್ಧ. ಅಳತೆ ತಪ್ಪಬಾರದು. ಉಪ್ಪು ಹಾಕಿದ ಮಜ್ಜಿಗೆ ಕೂಡ ಒಳ್ಳೆಯದೇ.

ಇಲ್ಲಿ ಹೆಣ್ಣುಮಕ್ಕಳ ಒಂದು ಕಷ್ಟವನ್ನು ಹೇಳಲೇಬೇಕು. ದಾರಿಯಲ್ಲಿ ಶೌಚದ ಅನುಕೂಲವಿಲ್ಲವೆಂದು ಅವರು ನೀರನ್ನೇ ಕುಡಿಯುವುದಿಲ್ಲ. ಇದರಿಂದ ಉರಿಮೂತ್ರವೂ ಬಿಸಿಲಿನ ಆಘಾತವೂ ಬರುತ್ತವೆ. ಆದ್ದರಿಂದ ಹೆಂಗಸರಿಗೆ ಎಲ್ಲೆಲ್ಲಿ ಶೌಚದ ವ್ಯವಸ್ಥೆ ಇದೆ ಎಂಬುದನ್ನು ಹೆಸರು ಕೊಡುವ ಮೊದಲೇ ಕೇಳಬೇಕು. ಉತ್ತರ ಕೊಡಲು ನಾಚುವ ಸಂಘಟಕನ ಜೊತೆ ಹೋಗಬೇಡಿ.

ಬುತ್ತಿಗೆ ನಮ್ಮ ಕಡೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ದಿನಗಟ್ಟಲೆ ಕೆಡುವುದಿಲ್ಲ, ಬಹಳ ಹೊತ್ತು ಕಸುವು ಕೊಡುತ್ತವೆ. ನಡುನಡುವೆ ಪುಟಾಣಿ, ಬೆಲ್ಲ, ಶೇಂಗಾ ತಿನ್ನುತ್ತಿರಿ. ಹೊಟ್ಟೆ ಬಿರಿಯ ಉಂಡು ಗುಡ್ಡ ಹತ್ತಬೇಡಿ.

ಮೈಕೈ ನೋವಿಗೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುತ್ತ ನಡೆಯುವ ರೂಢಿ ಕೆಟ್ಟದ್ದು. ಮೈಯಲ್ಲಿ ನೀರು ಕಡಿಮೆಯಾದಾಗ ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು.

ಬಿಸಿಲಿನಲ್ಲಿ ನಡೆಯುವವರ ಮಾತು ತೊದಲಿದರೆ, ನಡೆ ತೂರಾಡಿದರೆ, ಮೈ ಕೆಂಡದಂತೆ ಸುಟ್ಟರೆ ಅದು ಬಿಸಿಲಿನ ಆಘಾತ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಎರಡು ದುಃಖದ ಘಟನೆಗಳು

2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡಿನ ಬೆಂಕಿಗೆ ಸಿಕ್ಕು 20ಕ್ಕೂ ಹೆಚ್ಚು ಚಾರಣಿಗರು ತೀರಿಕೊಂಡರು. ಒಣಹುಲ್ಲಿನ ಕಾಲ, ಹುಲ್ಲಿನ ಇಳಿಜಾರು. ಅವರಲ್ಲಿ ಅನೇಕರು ನಡಿಗೆಗೆ ಹೊಸಬರು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಎಂಬ, 4,000 ಮೀಟರಿಗೂ ಎತ್ತರದ ಸರೋವರಕ್ಕೆ ಹೋದ 22 ಜನರ ತಂಡ ಮರಳುವ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿತು. ತಂಡದವರು ಬಹುತೇಕ ಬೆಂಗಳೂರಿನವರು. ಒಂಬತ್ತು ಜನ ಅಲ್ಲಿಯೇ ಪ್ರಾಣ ಬಿಟ್ಟರು, ಉಳಿದ ಹದಿಮೂರು ಜನರನ್ನು ಕಾಪಾಡಲಾಯಿತು.

ಈ ಎರಡೂ ತಂಡಗಳಲ್ಲಿ ಮಾರ್ಗದರ್ಶಿಗಳು ಇದ್ದರು. ಮಾರ್ಗದರ್ಶಿ ಇದ್ದ ಮಾತ್ರಕ್ಕೆ ಅಪಾಯ ದೂರವಾಗದು ಎಂದು ಇದರಿಂದ ತಿಳಿಯಬೇಕು. ಗಾಳಿ, ಮಳೆ, ಬೆಂಕಿಯ ಲಕ್ಷಣ ಕಂಡಾಗ ಹಿಂದಿರುಗುವ ನಿರ್ಧಾರವೇ ಮುಖ್ಯ. ಈ ವಿಷಯದಲ್ಲಿ ರೈತನಿಗೆ ಪೇಟೆಯವರಿಗಿಲ್ಲದ ತಿಳಿವಳಿಕೆ ಇದೆ. ಮೋಡ ನೋಡಿ ಕಣದ ರಾಶಿಗೆ ಹೊದಿಕೆ ಹಾಕುವವನು ಗುಡ್ಡದ ಮೇಲೆ ಸುಮ್ಮನಿರಬಾರದು, ಕಂಡದ್ದನ್ನು ಮುಖಂಡನಿಗೆ ಹೇಳಬೇಕು. ಕೊಟ್ಟ ಹಣ ಹೋಗುತ್ತದೆಂದು ಮುಂದೆ ಹೋಗಬಾರದು.

ಎತ್ತರದ ಮಾತೂ ಒಂದಿದೆ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ 1,646 ಮೀಟರ್. ಅಲ್ಲಿ ಗಾಳಿ ತೆಳುವಾಗುವ ತೊಂದರೆ ಇಲ್ಲ. ಆದರೆ 2,500 ಮೀಟರ್ ದಾಟಿದ ಮೇಲೆ ಪ್ರಾಣವಾಯು ಸಾಲದೆ ತಲೆನೋವು, ವಾಂತಿ, ನಿದ್ರಾಹೀನತೆ ಬರಬಹುದು. ಆಗ ಮೇಲಕ್ಕೆ ಹೋಗಕೂಡದು, ಹೆಚ್ಚಾದರೆ ಕೆಳಗಿಳಿಯಲೇಬೇಕು. ಆದುದರಿಂದ ಮೊದಲ ಪ್ರವಾಸವೇ ಹಿಮಾಲಯಕ್ಕೆ ಬೇಡ.

ಹೆಸರು ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಬೀಜ ಕೊಳ್ಳುವಾಗ ಚೀಲದ ಚೀಟಿ ಓದುತ್ತೇವೆ, ಪಾವತಿ ಇಟ್ಟುಕೊಳ್ಳುತ್ತೇವೆ. ಇಲ್ಲಿಯೂ ಅದೇ ಜಾಗರೂಕತೆ ಬೇಕು. ಸಾಹಸ ಪ್ರವಾಸ ನಡೆಸುವವರು ನೋಂದಣಿ ಮಾಡಿಸಬೇಕೆಂದು ಮಹಾರಾಷ್ಟ್ರ ಸರ್ಕಾರ 2021ರಲ್ಲಿ ನೀತಿ ಹೊರಡಿಸಿದೆ. ಕರ್ನಾಟಕದ ಅರಣ್ಯ ಇಲಾಖೆ 2024ರಲ್ಲಿ ಚಾರಣದ ದಾರಿಗಳಿಗೆ ಆನ್‌ಲೈನ್ ಮುಂಗಡ ಟಿಕೆಟ್ ವ್ಯವಸ್ಥೆ ತಂದಿತು. ಆದ್ದರಿಂದ ಕೇಳಿರಿ:

1. ನಿಮ್ಮ ನೋಂದಣಿ ಇದೆಯೇ? ಅರಣ್ಯ ಇಲಾಖೆಯ ಅನುಮತಿ ಯಾವ ದಾರಿಗೆ ಇದೆ?
2. ಎಷ್ಟು ಜನಕ್ಕೆ ಎಷ್ಟು ಮಾರ್ಗದರ್ಶಿಗಳು? ಎಲ್ಲರಿಗಿಂತ ಹಿಂದೆ ನಡೆಯುವ ಹೊಣೆ ಯಾರದು?
3. ದಿನಕ್ಕೆ ಎಷ್ಟು ಕಿಲೋಮೀಟರ್, ಎಷ್ಟು ಏರು, ಎಷ್ಟು ಇಳಿವು?
4. ಪ್ರಥಮ ಚಿಕಿತ್ಸೆ ಬಲ್ಲವರು ಯಾರು? ಹತ್ತಿರದ ಆಸ್ಪತ್ರೆ ಎಲ್ಲಿ? ವಾಹನ ಎಲ್ಲಿಯವರೆಗೆ ಬರುತ್ತದೆ?
5. ನಡುವೆ ಯಾರಿಗಾದರೂ ಆಗದಿದ್ದರೆ ಅವರ ಜೊತೆ ಹಿಂದಿರುಗುವವರು ಯಾರು?
6. ಹವಾಮಾನ ಕೆಟ್ಟರೆ ಏನು ಮಾಡುತ್ತೀರಿ? ಹಣ ಮರಳುವ ನಿಯಮ ಏನು?

ಐದನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಬಾರದಿದ್ದರೆ ಅಂಥ ತಂಡವನ್ನು ಬಿಡಿ. ತಂಡದ ವೇಗ ಎಲ್ಲರಿಗಿಂತ ನಿಧಾನ ನಡೆಯುವವರ ವೇಗವೇ ಆಗಿರಬೇಕು. ಮಂದೆ ಕಾಯುವವನು ಕುಂಟುವ ಕುರಿಯನ್ನು ದಾರಿಯಲ್ಲಿ ಬಿಟ್ಟು ಹೋಗುವುದಿಲ್ಲ.

ಯಾವಾಗ, ಎಲ್ಲಿಗೆ?

ಏಪ್ರಿಲ್, ಮೇ ತಿಂಗಳಲ್ಲಿ ಸೊಲ್ಲಾಪುರದ ಬಿಸಿಲು 42 ಡಿಗ್ರಿ ದಾಟುತ್ತದೆ. ಆಗ ಬೇಡ. ಜೂನ್, ಜುಲೈ ಮುಂಗಾರಿ ಬಿತ್ತನೆಯ ಕಾಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿಳಿಜೋಳದ ಬಿತ್ತನೆ. ದ್ರಾಕ್ಷಿ ಇದ್ದವರಿಗೆ ಅಕ್ಟೋಬರಿನ ಚಾಟಣಿ. ಜೋಳಕ್ಕೆ ಎಡೆ ಹೊಡೆದು ಮುಗಿಸಿ, ತೆನೆ ಹಾಲುಗಾಳಾಗಿ ಹಕ್ಕಿ ಕಾಯುವ ಕೆಲಸ ಬರುವ ಮುಂಚೆ, ಅಂದರೆ ನವೆಂಬರ್ ಕೊನೆಯಿಂದ ಡಿಸೆಂಬರಿನೊಳಗೆ, ಒಣ ಬೇಸಾಯದ ಮನೆಗಳಿಗೆ ಎರಡು ಮೂರು ದಿನದ ಬಿಡುವು ಸಿಗಬಹುದು. ಗಾಳಿಯೂ ಆಗ ತಂಪು.

ಹೈನು ಇದ್ದ ಮನೆಯವರು ಪಾಳಿ ಮಾಡಿಕೊಳ್ಳಲಿ. ಈ ಸಲ ನಾಲ್ಕು ಮನೆಯವರು ಹೋಗಲಿ, ಉಳಿದ ನಾಲ್ಕು ಮನೆಯವರು ಅವರ ದನಕ್ಕೆ ಮೇವು ನೀರು ನೋಡಲಿ, ಹಾಲು ಕರೆಯಲಿ. ಮುಂದಿನ ಸಲ ಅದಲುಬದಲು. ಮುಯ್ಯಾಳು ಪದ್ಧತಿ ನಮ್ಮ ಹಿರಿಯರು ಬಿಟ್ಟುಹೋದ ಆಸ್ತಿ. ಬಿತ್ತಲಿಕ್ಕೆ, ಕೊಯ್ಯಲಿಕ್ಕೆ ಮುಯ್ಯಿ ಉಂಟು, ವಿಶ್ರಾಂತಿಗೂ ಇರಲಿ. ಮುಯ್ಯಾಳು ಸಿಕ್ಕರೆ ಗಂಡ ಹೆಂಡತಿ ಇಬ್ಬರೂ ಕೂಡಿಯೇ ಹೋಗಬಹುದು. ಗಂಡಸರು ಮಾತ್ರ ಹೋಗಿ ಹೆಂಗಸರು ಕೊಟ್ಟಿಗೆಯಲ್ಲಿ ಉಳಿಯುವುದು ನ್ಯಾಯವಲ್ಲ.

ಮೊದಲ ಸಲಕ್ಕೆ ಒಂದೇ ದಿನದ, ಎಂಟು ಹತ್ತು ಕಿಲೋಮೀಟರಿನ ನಡಿಗೆ ಸಾಕು. ಸೊಲ್ಲಾಪುರದಿಂದ ತುಳಜಾಪುರಕ್ಕೆ ಸುಮಾರು 45 ಕಿಲೋಮೀಟರ್. ಅದನ್ನು ಒಂದೇ ಓಟದಲ್ಲಿ ನಡೆಯಹೋಗುವುದು ಅಭ್ಯಾಸ ಇಲ್ಲದವರಿಗೆ ತಕ್ಕುದಲ್ಲ. ನಮ್ಮ ಹತ್ತಿರವೇ ನಳದುರ್ಗದ ಕೋಟೆ ಇದೆ. ಸೊಲ್ಲಾಪುರ, ಹೈದರಾಬಾದ್ ಹೆದ್ದಾರಿಯ ಮೇಲೆ, ಈಗಿನ ಧಾರಾಶಿವ ಜಿಲ್ಲೆಯಲ್ಲಿ. ಬೋರಿ ನದಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆಯ ಹೊಟ್ಟೆಯೊಳಗೇ ಪಾಣಿ ಮಹಲು ಇದೆ. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, 1613ರಲ್ಲಿ ಕಟ್ಟಿದ್ದು. ಮಳೆಗಾಲದಲ್ಲಿ ನದಿ ತುಂಬಿದಾಗ ಕಟ್ಟೆಯ ಮೇಲಿಂದ ನೀರು ಧುಮುಕುತ್ತದೆ. ಇದೇ ಬೋರಿ ಮುಂದೆ ಅಕ್ಕಲಕೋಟೆ ತಾಲೂಕಿಗೆ ಬಂದು ಕುರನೂರು ಅಣೆಕಟ್ಟಿನಲ್ಲಿ ನಿಲ್ಲುತ್ತದೆ, ಆಮೇಲೆ ಭೀಮೆಯನ್ನು ಸೇರುತ್ತದೆ. ತಮ್ಮ ಹೊಲಕ್ಕೆ ಬರುವ ನೀರನ್ನು ನಾಲ್ಕುನೂರು ವರ್ಷಗಳ ಹಿಂದೆ ಹೇಗೆ ತಡೆದು ನಿಲ್ಲಿಸಿದ್ದರೆಂದು ಅಕ್ಕಲಕೋಟೆಯ ರೈತರು ಅಲ್ಲಿ ಕಣ್ಣಾರೆ ನೋಡಬಹುದು. ಕೋಟೆಯ ಗೋಡೆಗುಂಟ ಸುತ್ತು ಹಾಕಿ, ಬುರುಜು ಹತ್ತಿ ಇಳಿದರೆ ಮೊಣಕಾಲಿನ ಪರೀಕ್ಷೆಯೂ ಆಗುತ್ತದೆ.

ಅದು ಸುಲಭವೆನಿಸಿದರೆ ಎರಡನೆಯ ಸಲ ಸಾತಾರೆಯ ಕಡೆ ಎರಡು ದಿನ, ಮೂರನೆಯ ಸಲ ಕಳಸೂಬಾಯಿ. ಒಂದೊಂದೇ ಮೆಟ್ಟಿಲು.

ಹೋಗಿ ಬಂದ ಮೇಲೆ

ತೊಡೆ, ಮೀನಖಂಡದ ನೋವು ಎರಡನೆಯ ದಿನ ಹೆಚ್ಚಾಗಿ ಮೂರು ನಾಲ್ಕು ದಿನಕ್ಕೆ ಇಳಿಯುತ್ತದೆ. ಅದು ಕಾಯಿಲೆಯಲ್ಲ. ಒಂದೇ ಕಾಲು ಊದಿ ನೋಯುತ್ತಿದ್ದರೆ, ಎದೆ ನೋವು ಬಂದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಡಾಕ್ಟರರಲ್ಲಿಗೆ ಹೋಗಿ. ಮರುದಿನವೇ ಮೂಟೆ ಎತ್ತುವ ಕೆಲಸ ಇಟ್ಟುಕೊಳ್ಳಬೇಡಿ. ಶುರುಮಾಡಿದ ಅರ್ಧ ತಾಸಿನ ನಡಿಗೆಯನ್ನು ಬಿಡಬೇಡಿ.

ಹಿರಿಯರು ಕೇಳಿದ ಪ್ರಶ್ನೆಗೆ ಈಗ ನಮ್ಮ ಉತ್ತರ ಹೀಗಿದೆ: ಹೊಲದಲ್ಲಿ ನಾವು ದುಡಿಮೆಗಾಗಿ ನಡೆಯುತ್ತೇವೆ, ಅಲ್ಲಿ ಎಲ್ಲರ ಹೊಣೆ ನಮ್ಮ ಹೆಗಲ ಮೇಲೆ. ತಂಡದ ನಡಿಗೆಯಲ್ಲಿ ಎರಡು ದಿನ ನಮ್ಮ ಹೊಣೆಯನ್ನು ಬೇರೆಯವರು ಹೊರುತ್ತಾರೆ. ಆ ಬೇರೆಯವರು ಹೊಣೆ ಹೊರಲು ತಕ್ಕವರೇ ಎಂದು ನೋಡಿಕೊಳ್ಳುವುದು, ನಮ್ಮ ಮೈಯನ್ನು ಸಿದ್ಧಮಾಡಿಕೊಳ್ಳುವುದು, ಇದ್ದ ಕಾಯಿಲೆಯನ್ನು ಬಾಯಿಬಿಟ್ಟು ಹೇಳುವುದು ನಮ್ಮ ಪಾಲಿನ ಕೆಲಸ. ಅಷ್ಟು ಮಾಡಿದವರು ನಿಶ್ಚಿಂತೆಯಿಂದ ಹೊರಡಬಹುದು. ಹೊರಡುವ ಮುನ್ನ ಮುಯ್ಯಾಳು ಮನೆಯವರಿಗೆ ಎಮ್ಮೆಯ ಸ್ವಭಾವ ಹೇಳಿ ಹೋಗುವುದನ್ನು ಮಾತ್ರ ಮರೆಯಬೇಡಿ.